ಕಾದಂಬರಿಯ ಬಸುರಿಗೆ ಕುಬಸ

ಆ ಬೇಸಿಗೆಯಲ್ಲಿ ನಾನು ಓದಿ ಮುಗಿಸಿದ ಹನ್ನೊಂದು ಕಾದಂಬರಿಗಳಲ್ಲಿ ಏಳು ಮಂದಿ ನಾಯಕಿಯರು ಸತ್ತರು. ನಾಲ್ವರು ಕ್ಷಯದಿಂದ, ಇಬ್ಬರು ಕೆರೆಗೆ ಹಾರಿ, ಒಬ್ಬಳು ಹೆರಿಗೆಯಲ್ಲಿ. ಉಳಿದ ನಾಲ್ವರಲ್ಲಿ ಇಬ್ಬರಿಗೆ ಮದುವೆಯಾಯಿತು, ಒಬ್ಬಳು ಸನ್ಯಾಸಿನಿಯಾದಳು, ಇನ್ನೊಬ್ಬಳ ಗತಿ ಏನಾಯಿತೆಂಬುದು ಬರೆದವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ನಾಯಕರು ಮಾತ್ರ ಹನ್ನೊಂದು ಮಂದಿಯೂ ಗಟ್ಟಿಮುಟ್ಟಾಗಿ ಉಳಿದು, ಕೊನೆಯ ಪುಟದಲ್ಲಿ ಆಕಾಶ ನೋಡುತ್ತ ನಿಂತಿದ್ದರು.

ನನಗಾಗ ಹದಿನೈದು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ, ಇವಳನ್ನು ಮುಂದೆ ಕಲಿಸುವುದೋ ಮದುವೆ ಮಾಡುವುದೋ ಎಂದು ಹಿರಿಯರು ತೀರ್ಮಾನಿಸುವ ತನಕ ತಿಕೋಟಾದ ನಮ್ಮ ಮನೆಯಲ್ಲಿ ಕೂತಿದ್ದೆ. ಕೂತವಳಿಗೆ ಕಾದಂಬರಿ ಒದಗಿಸುತ್ತಿದ್ದವರು ನಮ್ಮ ಕಾಕಾ. ಅವರು ಬಿಜಾಪುರದ ಕಚೇರಿಯೊಂದರಲ್ಲಿ ಕಾರಕೂನರು. ಗಾಂಧಿ ಚೌಕದ ಹತ್ತಿರ ಒಂದು ಖೋಲಿ ಹಿಡಿದಿದ್ದರು, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದರು. ಅವರ ಖೋಲಿಯ ಓಣಿಯಲ್ಲೇ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಒಬ್ಬ ಮುದುಕರಿದ್ದರು. ರಟ್ಟು ಕಟ್ಟುವುದರ ಜೊತೆಗೆ ಕಾದಂಬರಿಗಳನ್ನು ವಾರದ ಲೆಕ್ಕದಲ್ಲಿ ಓದಲು ಕೊಡುತ್ತಿದ್ದರು. ಅವರಿಗೆ ಉರ್ದು ಚೆನ್ನಾಗಿ ಬರುತ್ತಿತ್ತು, ಕನ್ನಡ ಅಕ್ಷರ ಒಂದೂ ಬರುತ್ತಿರಲಿಲ್ಲ. ಆದರೂ ಯಾವ ಕನ್ನಡ ಕಾದಂಬರಿ ಹೇಗಿದೆ ಎಂದು ಅವರು ಹೇಳಿದ್ದು ಸುಳ್ಳಾಗುತ್ತಿರಲಿಲ್ಲ.

“ಇದನ್ನ ಒಯ್ಯಿರಿ ಸಾಹೇಬ್ರ,” ಎನ್ನುತ್ತಿದ್ದರಂತೆ ಕಾಕಾನಿಗೆ. “ಇದಕ್ಕ ಮೂರು ಸಲ ಹೊಲಿಗಿ ಹಾಕೇನಿ. ನಡಬರಕ ಸಡಲತೈತಿ, ಅಂದ್ರ ಪ್ರೇಮ ಐತಿ. ಆಖೀರಕ ಸಡಲೂದು ಬ್ಯಾರೆ. ಅದು ಅಳೂ ಪುಸ್ತಕ. ಎಲ್ಲೂ ಸಡಲದ್ದು ಇದ್ರ ಅದನ್ನ ಮುಟ್ಟಬ್ಯಾಡ್ರಿ.”

ಮುಂದೆ ಎಷ್ಟೋ ವಿಮರ್ಶೆಗಳನ್ನು ಓದಿದೆ. ಇಷ್ಟು ಚೊಕ್ಕವಾಗಿ ಬರೆದದ್ದು ಕಾಣಲಿಲ್ಲ.

ಆ ಕಾದಂಬರಿಗಳ ಜನ ನನಗೆ ಬಲು ವಿಚಿತ್ರವಾಗಿ ಕಾಣುತ್ತಿದ್ದರು. ಯಾರೂ ರೊಟ್ಟಿ ತಿನ್ನುತ್ತಿರಲಿಲ್ಲ. ಬೆಳಗಾದರೆ ಕಾಫಿ, ಸಂಜೆಯಾದರೆ ಕಾಫಿ, ದುಃಖ ಬಂದರೆ ಕಾಫಿ ಆರಿ ತಣ್ಣಗಾಗುತ್ತಿತ್ತು. ನಾಯಕಿಗೆ ಮನಸ್ಸು ಕೆಟ್ಟರೆ ಮಹಡಿಯ ಕೋಣೆಗೆ ಓಡಿಹೋಗಿ ಮಂಚದ ಮೇಲೆ ಬೋರಲು ಬೀಳುತ್ತಿದ್ದಳು. ನಮ್ಮ ಮನೆಯಲ್ಲಿದ್ದದ್ದು ಒಂದೇ ಮಂಚ, ಅದರ ಮೇಲೆ ಜೋಳದ ಚೀಲಗಳು ಬೋರಲು ಬಿದ್ದಿದ್ದವು. ನಾಯಕ ನಾಯಕಿಗೆ ಮಳೆಯಲ್ಲಿ ಒಂದೇ ಕೊಡೆಯಡಿ ಪ್ರೇಮ ಹುಟ್ಟುತ್ತಿತ್ತು. ನಮ್ಮ ಕಡೆ ಛತ್ರಿ ಹಿಡಿಯುವುದು ಬಿಸಿಲಿಗೆ. ಒಂದೇ ಛತ್ರಿಯಡಿ ಇಬ್ಬರು ನಡೆದರೆ ಇಬ್ಬರಿಗೂ ಅರ್ಧರ್ಧ ಬಿಸಿಲು ಬಡಿದು ಜಗಳ ಹುಟ್ಟುತ್ತದೆ. ಹುಡುಗರಿಗೆಂದೇ ಬರೆದ ಒಂದು ಸಾಹಸದ ಕಾದಂಬರಿಯೂ ಆ ಗಂಟಿನಲ್ಲಿತ್ತು. ನಾಲ್ಕು ಹುಡುಗರು ರಜೆಯಲ್ಲಿ ಗವಿ ಹೊಕ್ಕು ಕಳ್ಳರನ್ನು ಹಿಡಿಯುತ್ತಾರೆ, ಪೊಲೀಸ್ ಸಾಹೇಬರು ಬಂದು ಬೆನ್ನು ತಟ್ಟುತ್ತಾರೆ. ಅದನ್ನು ಕೇಳಿ ನಮ್ಮ ಆಯಿ ಕೇಳಿದ್ದು ಒಂದೇ ಪ್ರಶ್ನೆ: “ನಾಕು ದಿನ ಹುಡುಗ್ರು ಗವಿಯಾಗ ಅದಾರ. ಅವರವ್ವಗಳು ಎಲ್ಲಿ ಹೋಗ್ಯಾರ ಬೇ?”

ಆಯಿ ಎಂದರೆ ನಮ್ಮ ಅಪ್ಪನ ತಾಯಿ. ಓಣಿಯ ಅರ್ಧ ಜನ ಆಕೆಯ ಕೈಯಲ್ಲೇ ಹುಟ್ಟಿದವರು. ಸೂಲಗಿತ್ತಿ ಎಂದು ಯಾರೂ ಕರೆಯುತ್ತಿರಲಿಲ್ಲ, ಆದರೆ ಹೆರಿಗೆಯ ಬ್ಯಾನಿ ಬಂದ ಮನೆಯಿಂದ ಮೊದಲು ಆಯಿಗೇ ಕರೆ ಬರುತ್ತಿತ್ತು. ಆಕೆಗೆ ಓದು ಬಾರದು. ಅದಕ್ಕೆ ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ನಾನು ಗಟ್ಟಿಯಾಗಿ ಓದಬೇಕು. ಆಯಿ ಜೋಳ ಹಸನು ಮಾಡುತ್ತ, ಅವ್ವ ಮತ್ತು ಪಕ್ಕದ ಮನೆಯ ಚಾಚಿ ಶಾವಿಗೆ ಹೊಸೆಯುತ್ತ ಕೇಳಬೇಕು. ಚಾಚಿಯ ಮನೆಯವರು ಬಳೆ ವ್ಯಾಪಾರದವರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ಮೋಟು ಗೋಡೆ, ಅದನ್ನು ಯಾವ ಮಾತೂ ಲೆಕ್ಕಿಸುತ್ತಿರಲಿಲ್ಲ.

ಆಯಿಗೆ ಗೊತ್ತಿದ್ದ ಪುಸ್ತಕವೆಂದರೆ ಮಠದಲ್ಲಿ ಶ್ರಾವಣಕ್ಕೆ ಹಚ್ಚುವ ಪುರಾಣ. ಹೀಗಾಗಿ ಕಾದಂಬರಿಗೂ ಅದೇ ಕಾನೂನು. ಕೈ ತೊಳೆದು ಪುಸ್ತಕ ಮುಟ್ಟಬೇಕು. ಕೆಟ್ಟ ಸುದ್ದಿಯ ಮೇಲೆ ಓದು ನಿಲ್ಲಿಸಬಾರದು. ಒಮ್ಮೆ ನಾಯಕಿ ರಕ್ತ ಕಾರಿದ ಕಡೆ ನಾನು ಪುಸ್ತಕ ಮುಚ್ಚಿದ್ದಕ್ಕೆ, ಯಾರಾದರೂ ಏನಾದರೂ ತಿನ್ನುವ ತನಕ ಮುಂದೆ ಓದಿಸಿದಳು. ಆ ಮನೆಯಲ್ಲಿ ಹದಿನಾಲ್ಕು ಪುಟ ಯಾರೂ ಏನೂ ತಿನ್ನಲಿಲ್ಲ. ನನ್ನ ಗಂಟಲು ಬಿದ್ದುಹೋಯಿತು.

ಇಂಥದ್ದರ ನಡುವೆ ಅಕ್ಕ ಬಂದಳು. ಬಬಲೇಶ್ವರಕ್ಕೆ ಕೊಟ್ಟ ನನ್ನ ಅಕ್ಕ ಚೊಚ್ಚಲ ಹೆರಿಗೆಗೆಂದು ಏಳನೆಯ ತಿಂಗಳಲ್ಲಿ ತವರಿಗೆ ಬಂದಿದ್ದಳು. ಭಾವ ಬಿಟ್ಟು ಹೋಗಲು ಬಂದವರು ಚಹಾ ಕುಡಿದು, ಯಾರ ಮುಖವನ್ನೂ ನೋಡದೆ ಮಧ್ಯಾಹ್ನದ ಬಸ್ಸಿಗೇ ತಿರುಗಿ ಹೋದರು.

ಅಕ್ಕನ ಕೈಯಲ್ಲಿ ಹಸಿರು ಬಳೆ ಇರಲಿಲ್ಲ. ಎಂದರೆ ಅತ್ತೆಯ ಮನೆಯವರು ಕುಬಸ ಮಾಡಿರಲಿಲ್ಲ. ಬಸುರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಯಸಿದ್ದನ್ನು ಉಣ್ಣಿಸುವ ಶಾಸ್ತ್ರವನ್ನು ನಮ್ಮ ಕಡೆ ಎಂಥ ಬಡವರೂ ಬಿಡುವುದಿಲ್ಲ. ಬಿಟ್ಟದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಹಿಂದಿನ ವರ್ಷ ಅಕ್ಕನ ನೆಗೆಣ್ಣಿಗೆ, ಅಂದರೆ ಭಾವನ ಅಣ್ಣನ ಹೆಂಡತಿಗೆ, ಆ ಮನೆಯಲ್ಲಿ ಭರ್ಜರಿ ಕುಬಸವಾಗಿತ್ತು. ಸಾರವಾಡದಿಂದ ಬಾಜಾದವರನ್ನು ಕರೆಸಿದ್ದರು. ಆಮೇಲೆ ಆಕೆ ಹೆರಿಗೆಗೆ ತವರಿಗೆ ಹೋದಳು, ತಿರುಗಿ ಬರಲಿಲ್ಲ. ತಾಯಿ, ಕೂಸು, ಇಬ್ಬರೂ ಹೋದರು. ಆ ದಿನದಿಂದ ಬಬಲೇಶ್ವರದ ಮನೆಯಲ್ಲಿ ಆಕೆಯ ಹೆಸರು ಎತ್ತುವಂತಿಲ್ಲ. ಹುಡುಗರು ಕೇಳಿದರೆ “ತವರಿಗೆ ಹೋಗ್ಯಾಳ” ಎನ್ನುತ್ತಾರೆ.

ಅಕ್ಕ ಮೊದಲು ಹೀಗಿರಲಿಲ್ಲ. ಅವಳು ನಕ್ಕರೆ ಚಾಚಿಯ ಮನೆಯ ಕೋಳಿಗಳು ಗೋಡೆ ಹಾರುತ್ತಿದ್ದವು. ಈಗ ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ ಕೂತು, ಕರೆದರೆ ಎರಡನೆಯ ಸಲಕ್ಕೆ ಓ ಎನ್ನುತ್ತಿದ್ದಳು. ಊಟ ಬಡಿಸಿದರೆ ಅರ್ಧ ರೊಟ್ಟಿ. ನಾವೆಲ್ಲ ಅವಳ ಎದುರು ಬರೀ ಒಳ್ಳೆಯ ಮಾತನ್ನೇ ಆಡುತ್ತಿದ್ದೆವು. ಹಾಗೆ ಆಡಿ ಆಡಿ ನಮಗೇ ಸುಸ್ತಾಗಿತ್ತು.

ಆ ವಾರದ ಕಾದಂಬರಿ ದಕ್ಷಿಣದ ಯಾವುದೋ ಪಟ್ಟಣದ ವಕೀಲನ ಹೆಂಡತಿಯ ಕಥೆ. ಆಕೆ ವೀಣೆ ನುಡಿಸುತ್ತಾಳೆ, ಗಂಡ ಕಿಟಕಿಯಲ್ಲಿ ನಿಂತು ಕೇಳುತ್ತಾನೆ. ಅವನು ಕೋರ್ಟಿಗೆ ಹೋದದ್ದು ನನಗೆ ನೆನಪಿಲ್ಲ. ಅರ್ಧ ಪುಸ್ತಕ ಕಳೆದ ಮೇಲೆ ಆಕೆ ಬಸುರಿಯಾದಳು. ನಾನು ಅದನ್ನು ಓದಿದ ಕೂಡಲೇ ಆಯಿ ಜೋಳದ ಮೊರ ಕೆಳಗಿಟ್ಟಳು.

“ಎಷ್ಟರಾಗ ಅದಾಳ?”

“ಐದು ತುಂಬ್ಯಾವ ಅಂತ ಬರದಾರ, ಆಯಿ.”

“ಕುಬಸ ಮಾಡಿದ್ರೇನು?”

ನಾನು ಮುಂದಿನ ಎರಡು ಪುಟದ ಮೇಲೆ ಕಣ್ಣಾಡಿಸಿದೆ. ಗಂಡ ಅವಳಿಗೆ ಸೇಬು ಹೆಚ್ಚಿ ಕೊಟ್ಟಿದ್ದ, ಅಷ್ಟೆ.

“ಇಲ್ಲ.”

“ಎಂಥಾ ಮಂದಿ ಅದಾರವರು. ಅತ್ತಿ ಇಲ್ಲ, ಅವ್ವ ಇಲ್ಲ, ವೀಣಿ ಒಂದ ಐತಿ,” ಎಂದಳು ಆಯಿ. ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು, “ನಾವ ಮಾಡೋಣು,” ಎಂದಳು.

ಅವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಆಯಿ ನಗಲಿಲ್ಲ. ಮಠದ ಪುರಾಣದಲ್ಲಿ ಶರಣರು ಹುಟ್ಟಿದ ದಿನ ತೊಟ್ಟಿಲು ಕಟ್ಟಿ ತೂಗುತ್ತೇವೆ, ಮದುವೆಯ ಅಧ್ಯಾಯ ಬಂದರೆ ಅಕ್ಕಿಕಾಳು ಹಾಕುತ್ತೇವೆ. ಅವರು ಹುಟ್ಟಿ ಎಷ್ಟೋ ನೂರು ವರ್ಷವಾಯಿತು. ಈಕೆ ಈಗಿನವಳು, ಈಕೆಗೆ ಒಂದು ಕುಬಸ ಮಾಡಿದರೆ ಏನು ತಪ್ಪು? ಇದು ಆಯಿಯ ವಾದ. ವಾದದಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ.

ಮರುದಿನ ಮಧ್ಯಾಹ್ನ ಪಡಸಾಲೆ ಸಾರಿಸಿ ಮಣೆ ಹಾಕಿದರು. ಮಣೆಯ ಮೇಲೆ ಕಾದಂಬರಿ, ಕಾದಂಬರಿಗೆ ಹಸಿರು ಖಣದ ಹೊದಿಕೆ. ಚಾಚಿ ತಮ್ಮ ಮನೆಯಿಂದ ಹಸಿರು ಬಳೆ ತಂದರು. ಆಯಿ ಪುಸ್ತಕಕ್ಕೆ ಅರಿಷಿಣ ಕುಂಕುಮ ಏರಿಸಿ, ನನ್ನ ಕಡೆಗಾಗಲಿ ಅವ್ವನ ಕಡೆಗಾಗಲಿ ನೋಡದೆ, ಏನೂ ವಿಶೇಷವಿಲ್ಲದವಳಂತೆ ಅಂದಳು: “ಒಬ್ಬಾಕಿನ್ನ ಕೂಡ್ರಿಸಿ ಉಡಿ ತುಂಬಬಾರದು, ಜೋಡಿ ಬೇಕು. ಬಾ ಬೇ, ಆಕಿ ಮಗ್ಗಲಕ ಕೂಡು.”

ಕರೆದದ್ದು ಅಕ್ಕನನ್ನು.

ಅಕ್ಕ ಒಂದು ಗಳಿಗೆ ಆಯಿಯ ಮುಖ ನೋಡಿದಳು. ಆಮೇಲೆ ಬಂದು ಎರಡನೆಯ ಮಣೆಯ ಮೇಲೆ ಕೂತಳು. ಆಯಿ ಪುಸ್ತಕದ ಮುಂದೆ ಎರಡು ಬಳೆ ಇಟ್ಟಳು, ಉಳಿದ ಎರಡು ಡಜನ್ ಅಕ್ಕನ ಕೈ ಸೇರಿದವು. ಪುಸ್ತಕಕ್ಕೆ ಒಂದು ಕಡಬು ತೋರಿಸಿದರು, ಅಕ್ಕ ನಾಲ್ಕು ತಿಂದಳು. ಬಬಲೇಶ್ವರದವರಿಗೆ ಯಾರಾದರೂ ಹೇಳಿದರೆ, ಕುಬಸ ಮಾಡಿದ್ದು ಕಾದಂಬರಿಗೆ ಎನ್ನಬಹುದಿತ್ತು. ಆಯಿಯ ತಲೆ ಹಾಗೆ ಓಡುತ್ತಿತ್ತು. ಆರತಿ ಎತ್ತುವಾಗ ಅಕ್ಕ ತುಸುವೇ ನಕ್ಕಳು. ಕೋಳಿ ಹಾರುವಷ್ಟಲ್ಲ, ಆದರೂ ನಕ್ಕಳು.

ನಾನು ಮಾಡಬಾರದ್ದನ್ನು ಮಾಡಿದ್ದು ಅದರ ಮರುದಿನ ಬೆಳಿಗ್ಗೆ. ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿ ಕಾಗೆ ಕಾಯಲು ಕೂತಿದ್ದೆ. ಬೇಸರಕ್ಕೆ ಮುಂದಿನ ಭಾಗ ಓದೋಣವೆಂದು ಪುಸ್ತಕ ತೆಗೆದೆ. ಪುಸ್ತಕ ತಾನಾಗಿ ಕೊನೆಯ ಹತ್ತಿರ ತೆರೆದುಕೊಂಡಿತು. ಅಲ್ಲಿ ಹೊಲಿಗೆ ಸಡಿಲಿತ್ತು. ವಕೀಲನ ಹೆಂಡತಿ ಹೆರಿಗೆಯಲ್ಲಿ ಸತ್ತಿದ್ದಳು.

ಶಾವಿಗೆಯ ಅರ್ಧಕ್ಕೆ ಕಾಗೆ ಬಾಯಿ ಹಾಕಿದ್ದೂ ನನಗೆ ಕಾಣಲಿಲ್ಲ. ಅಕ್ಕನ ಜೋಡಿಯಾಗಿ ಉಡಿ ತುಂಬಿಸಿಕೊಂಡವಳು ಇವಳು. ಇದನ್ನು ಅಕ್ಕನೆದುರು ಹೇಗೆ ಓದಲಿ? ಓದು ನಿಲ್ಲಿಸಿದರೆ ಆಯಿ ಬಿಡುವವಳಲ್ಲ. ಕೊನೆಗೆ ಒಂದೇ ದಾರಿ ಕಂಡಿತು. ಆ ಹೆಂಗಸನ್ನು ನಾನೇ ಬದುಕಿಸಬೇಕು.

ಮಧ್ಯಾಹ್ನ ಪುಸ್ತಕ ಹಿಡಿದು ಧೈರ್ಯದಿಂದ ಓದಿದೆ: “ಅವಳಿಗೆ ನೋವು ಬಂದಿತು. ಸ್ವಲ್ಪ ಹೊತ್ತಿನಲ್ಲಿ ಗಂಡುಮಗು ಹುಟ್ಟಿತು. ಎಲ್ಲರೂ ಕಾಫಿ ಕುಡಿದರು.”

ಪಡಸಾಲೆಯಲ್ಲಿ ಜೋಳ ಕೇರುವ ಸಪ್ಪಳ ನಿಂತಿತು.

“ಎಷ್ಟ ಹೊತ್ತಂದಿ?” ಆಯಿ ಕೇಳಿದಳು.

“ಸ್ವಲ್ಪ ಹೊತ್ತು ಅಂತ ಬರದಾರ.”

“ಚೊಚ್ಚಲಾ?”

“ಹೂಂ.”

“ಸ್ವಲ್ಪ ಹೊತ್ತಿನಾಗ ಬೆಕ್ಕು ಸೈತ ಚೊಚ್ಚಲ ಹಡಿಯಂಗಿಲ್ಲ. ಬರದಾಂವ ಗಂಡಸ ಇರಬೇಕು.”

“ನೀರು ಯಾವಾಗ ಹೋತಂತ?” ಅವ್ವ ಕೇಳಿದಳು.

ನೀರು ಎಲ್ಲಿಗೆ ಹೋಗುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. “ಮುಂಜಾನೆ,” ಎಂದೆ. ಹೊಕ್ಕಳ ಯಾರು ಕೊಯ್ದರು, ಮಾಸು ಬಿತ್ತೋ ಇಲ್ಲವೋ, ಕೂಸು ಅತ್ತಿತೋ ಇಲ್ಲವೋ. ಒಂದೊಂದಕ್ಕೂ ಪುಸ್ತಕ ನೋಡಿ ಉತ್ತರ ಹೇಳುತ್ತ ಬೆವೆತುಹೋದೆ. ಚಾಚಿ ಶಾವಿಗೆಯ ಎಳೆ ಹಿಡಿದುಕೊಂಡೇ ಅಂದರು: “ಏ ಹುಡಿಗಿ, ಕೂಸು ಹುಟ್ಟಿ, ನೀರು ಹಾಕಿ, ತೊಟ್ಟಲದಾಗ ಹಾಕೂತನಾ ಓದಿದಿ. ಇನ್ನೂ ಒಂದು ಹಾಳೀನೂ ಹೊಳ್ಳಿ ಹಾಕಿಲ್ಲ ನೋಡು.”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. “ಆ ಪುಸ್ತಕ ನನಗ ಕೊಡು,” ಎಂದಳು. ಅಕ್ಕನಿಗೆ ಓದಲು ಬರುತ್ತಿತ್ತು. ಕಾಕಾ ಬೈತಾರ, ಹಾಳಿ ಸಡಲ್ಯಾವ ಎಂದೆಲ್ಲ ನೆಪ ಹೇಳಿ, ಒಳಗೆ ಹೋಗಿ ಹಾಸಿಗೆಯ ಸುರುಳಿಯಲ್ಲಿ ಅದನ್ನು ಬಚ್ಚಿಟ್ಟೆ. ಆ ಮನೆಯಲ್ಲಿ ಬಸುರಿಯೊಬ್ಬಳೇ ಹಗಲು ಹಾಸಿಗೆ ಬಿಚ್ಚುವವಳು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಸಂಜೆ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಅಕ್ಕ ಬಂದು ಪಕ್ಕದ ಕಲ್ಲಿನ ಮೇಲೆ ಕೂತಳು. ಪುಸ್ತಕ ಅವಳ ಮಡಿಲಲ್ಲಿತ್ತು.

“ಸತ್ತಾಳಲಾ,” ಎಂದಳು.

“ಹೂಂ.”

“ನೀ ಯಾಕ ಬದುಕಿಸಿದಿ?”

“ನಿನಗ ಹೆದರಿಕಿ ಆಗಬಾರದಂತ.”

“ನನಗ ಹೆದರಿಕಿ ಆಗಿ ಎರಡು ತಿಂಗಳಾತು,” ಎಂದಳು ಅಕ್ಕ. “ನೀವು ಯಾರೂ ಏನೂ ಅನ್ನದ್ದಕ್ಕ ಅದು ಇನ್ನೂ ಬೆಳದೈತಿ. ಅಲ್ಲಿ ನಮ್ಮ ನೆಗೆಣ್ಣಿ ಸತ್ತಾಳ ಅಂತ ಒಬ್ಬರೂ ಅನ್ನಂಗಿಲ್ಲ. ತವರಿಗೆ ಹೋಗ್ಯಾಳ ಅಂತಾರ. ಈಗ ನಾನೂ ತವರಿಗೆ ಬಂದೇನಿ. ಅಲ್ಲಿ ನನಗೂ ಹಂಗ ಅನ್ನಾಕತ್ತಿರಬೇಕು.”

ನನ್ನ ಕೈಯ ಬೂದಿ ಹಾಗೇ ಒಣಗಿತು.

“ನಾಳೆ ಇದನ್ನ ಓದು,” ಎಂದಳು. “ಎಲ್ಲಾರ ಮುಂದ. ಇದ್ದದ್ದು ಇದ್ದಂಗ.”

ಓದಿದೆ. ಹುಟ್ಟಿದ ಮಗು ಮತ್ತೆ ಹುಟ್ಟದಂತಾಗಿ, ಕುಡಿದ ಕಾಫಿ ವಾಪಸಾಗಿ, ವಕೀಲನ ಹೆಂಡತಿ ಸಾಯತೊಡಗಿದಳು. ಸಾಯುವುದಕ್ಕೆ ಆಕೆಗೆ ಎರಡೂವರೆ ಪುಟ ಬೇಕಾಯಿತು. ಸಂಜೆಯ ಸೂರ್ಯನ ಬಗ್ಗೆ ಮಾತಾಡಿದಳು, ವೀಣೆಯ ತಂತಿಯ ಬಗ್ಗೆ ಮಾತಾಡಿದಳು, ಗಂಡನ ಕಡೆ ತಿರುಗಿ ನನ್ನ ತಂಗಿಯನ್ನು ಮದುವೆಯಾಗಿ ಎಂದಳು.

“ಇಷ್ಟು ಉಸರ ಇದ್ದಾಕಿ ಯಾಕ ಸಾಯ್ತಾಳ?” ಎಂದರು ಚಾಚಿ.

“ಗಂಡ ಏನ ಮಾಡಾಕತ್ತಾನ?” ಆಯಿ ಕೇಳಿದಳು.

“ಬಾಗಲದಾಗ ನಿಂತು ಕಣ್ಣೀರು ಹಾಕಾಕತ್ತಾನ.”

“ಮಂಗ್ಯಾ. ಓಡಿ ಹೋಗಿ ಡಾಕ್ಟರನ ಕರೀಬೇಕಿಲ್ಲ? ಕರದ್ರ ತಂಗಿ ಸಿಗೂದಿಲ್ಲಂತ ನಿಂತಾನ.”

ನಗು ಎದ್ದಿತು. ಈ ಸಲ ಅಕ್ಕನೂ ನಕ್ಕಳು, ನಗುತ್ತಲೇ ಹೇಳತೊಡಗಿದಳು. ಸುದ್ದಿ ತಂದವರಿಂದ ಕೇಳಿದ್ದನ್ನು ತನ್ನ ನೆಗೆಣ್ಣಿಯ ಹೆಸರು ಹಿಡಿದೇ ಹೇಳಿದಳು. ಆಕೆ ಎರಡು ದಿನ ಬ್ಯಾನಿ ತಿಂದದ್ದು. ಮೂರನೆಯ ದಿನ ದವಾಖಾನೆಗೆ ಒಯ್ಯಬೇಕೆಂದದ್ದು. ಬಂಡಿ ಯಾರದ್ದು ತರುವುದು, ಯಾರು ಜೊತೆ ಹೋಗುವುದು ಎಂದು ಗಂಡಸರು ಕಟ್ಟೆಯ ಮೇಲೆ ಮಾತಾಡುತ್ತಿದ್ದಾಗ ಒಳಗೆ ಎಲ್ಲ ಮುಗಿದದ್ದು. ಹೇಳುತ್ತ ಹೇಳುತ್ತ ನಗು ಎಲ್ಲೋ ಬಿಟ್ಟುಹೋಗಿ, ಅಕ್ಕ ಅಳುತ್ತಿದ್ದಳು. ಅವ್ವ ಎದ್ದು ಅವಳ ಬೆನ್ನ ಹಿಂದೆ ಕೂತಳು. ಯಾರೂ ಸಮಾಧಾನದ ಮಾತು ಆಡಲಿಲ್ಲ. ಒಂದು ವರ್ಷದ ಅಳು ಅದು, ಅದಕ್ಕೆ ಹೊತ್ತು ಬೇಕಿತ್ತು.

ಅಳು ನಿಂತ ಮೇಲೆ ಅಕ್ಕ ಮೂಗು ಒರೆಸಿಕೊಂಡು ಆಯಿಯ ಕಡೆ ತಿರುಗಿದಳು. “ಆಯಿ, ನಾ ಬಿಜಾಪುರಕ್ಕ ಹೋಗಿ ಹಡೀತೀನಿ. ದವಾಖಾನಿಯಾಗ. ಬ್ಯಾನಿ ಬರೂಕ ಮೊದಲ ಹೋಗಿ ಕಾಕಾನ ಖೋಲಿಯಾಗ ಇರ್ತೀನಿ.”

ಆಯಿಯ ಮುಖ ಬಿಗಿಯಿತು. ಓಣಿಗೆಲ್ಲ ಸೂಲಗಿತ್ತಿಯಾದವಳ ಮೊಮ್ಮಗಳು ಪರರ ಕೈಯಲ್ಲಿ ಹೆರುವುದೆಂದರೆ ಏನು. “ನನ್ನ ಕೈಯಾಗ ಒಂದು ಕೂಸೂ ಹೋಗಿಲ್ಲ,” ಎಂದಳು. ತುಸು ತಡೆದು, “ಎರಡು ಹೋಗ್ಯಾವ,” ಎಂದಳು. ಅದನ್ನು ನಾವು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಆಯಿ ಜೋಳದ ಮೊರದಲ್ಲಿ ಸುಮ್ಮನೆ ಬೆರಳಾಡಿಸುತ್ತಿದ್ದಳು.

“ನೀನೂ ಬಾ ನನ್ನ ಕೂಡ,” ಎಂದಳು ಅಕ್ಕ.

“ಬರ್ತೀನಿ. ನನ್ನ ಒಳಗ ಬಿಡಲಿಲ್ಲಂದ್ರ ಅಲ್ಲೇ ಜಗಳ ತಗೀತೀನಿ.”

ಕಾಕಾ ಶನಿವಾರ ಬಂದಾಗ ಪುಸ್ತಕ ವಾಪಸು ಕೊಟ್ಟು, ಅಕ್ಕನಿಗೆ ದಿನ ತುಂಬುವ ಹೊತ್ತಿಗೆ ನಿಮ್ಮ ಖೋಲಿ ತೆರವು ಮಾಡಿರಿ ಎಂದು ಹೇಳಿದೆವು. ಅವರು ಒಂದು ತಿಂಗಳು ಗೆಳೆಯರ ಮನೆಯಲ್ಲಿ ಮಲಗಿದರು.

ಆಯಿ ನಿಜಕ್ಕೂ ಜಗಳ ತೆಗೆದಳು. ದವಾಖಾನೆಯಲ್ಲಿ ಮೊದಲ ದಿನವೇ ನರ್ಸಬಾಯಿಗೆ, “ನೀ ಎಷ್ಟು ಹಡದಿ ಬೇ?” ಎಂದು ಕೇಳಿದಳಂತೆ. ಆಕೆ ಮದುವೆಯಾಗದವಳು. ಮೂರನೆಯ ದಿನಕ್ಕೆ ಇಬ್ಬರೂ ಒಂದೇ ಡಬ್ಬಿಯ ಎಲೆ ಅಡಿಕೆ ಹಾಕುತ್ತಿದ್ದರು. ಅಕ್ಕನ ಬ್ಯಾನಿ ಒಂದು ಹಗಲು ಒಂದು ರಾತ್ರಿ ನಡೆಯಿತು. ಕೂಸು ಅಡ್ಡ ತಿರುಗಿತ್ತು. ಡಾಕ್ಟರಬಾಯಿ ಏನು ಮಾಡಿದರೆಂದು ಆಯಿ ನಮಗೆ ಎಂದೂ ಪೂರ್ತಿ ಹೇಳಲಿಲ್ಲ. “ಆ ಹೆಣ್ಣುಮಗಳಿಗೆ ಕೈ ಅದಾವ,” ಎಂದಷ್ಟೇ ಹೇಳಿದಳು. ಅದಕ್ಕಿಂತ ದೊಡ್ಡ ಮಾತು ಆಯಿಯ ಬಾಯಲ್ಲಿ ಯಾರಿಗೂ ಬಂದಿರಲಿಲ್ಲ.

ಹೆಣ್ಣು ಕೂಸು. ಸುದ್ದಿ ತಿಳಿದು ಭಾವ ಬಬಲೇಶ್ವರದಿಂದ ಓಡಿಬಂದರು. ಮಂಚದ ಪಕ್ಕ ನಿಂತು ರುಮಾಲು ಹಿಂಡುತ್ತಿದ್ದವರಿಗೆ ಅಕ್ಕ ಹೇಳಿದ ಮೊದಲ ಮಾತು: “ನಿಮ್ಮ ವೈನಿ ತವರಿಗೆ ಹೋಗಿಲ್ಲರಿ. ಸತ್ತಾಳ. ಈಕಿಗೆ ಆಕಿ ಹೆಸರು ಇಡಾಕಿ ಅದೀನಿ.” ಭಾವ ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ನಿಂತಿದ್ದರಂತೆ. ಬೇಡ ಎನ್ನಲಿಲ್ಲ.

ಬೇಡ ಎಂದವರು ಅವರ ತಾಯಿ. ಹೆಸರಿಡುವ ದಿನ ತಿಕೋಟಾಕ್ಕೆ ಬಂದ ಅಕ್ಕನ ಅತ್ತೆ, ತೊಟ್ಟಿಲ ಮುಂದೆಯೇ ತಡೆದರು. “ಹರೇದಾಗ ಸತ್ತಾಕಿ ಹೆಸರು ಕೂಸಿಗೆ ಇಡತಾರೇನು? ಏನ ಮಂದಿ ಅದೀರಿ?” ಎಂದರು.

“ಬೀಗತೆವ್ವಾ,” ಎಂದಳು ಆಯಿ, “ನಿಮ್ಮ ಮಗಗ ನಿಮ್ಮ ಮಾವನ ಹೆಸರು ಇಟ್ಟೀರಿ. ಅವರು ಇನ್ನೂ ಬದುಕ್ಯಾರೇನು?”

“ಅವರು ಮುಪ್ಪಾಗಿ ಹೋದ್ರು. ಆ ಮಾತು ಬ್ಯಾರೆ.”

“ಹೌದರಿ, ಬ್ಯಾರೆ. ಅವರು ಆ ಹೆಸರು ಪೂರಾ ಸವಿಸಿ ಬಿಟ್ಟು ಹೋದ್ರು. ಆಕಿದು ಸವದ ಇಲ್ಲ. ಇನ್ನೂ ಹೊಸಾದ ಐತಿ. ಇದು ಬಾಳ ವರ್ಷ ಬಾಳಕಿ ಬರತೈತಿ.”

ಅತ್ತೆ ಕೂಸನ್ನೇ ನೋಡುತ್ತ ನಿಂತರು. ಕೊನೆಗೆ ಅವರೇ ತಮ್ಮ ಮಗಳನ್ನು, ಅಂದರೆ ಕೂಸಿನ ಸೋದರತ್ತೆಯನ್ನು, ಮುಂದೆ ನೂಕಿದರು. ಆಕೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು, ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಆಡದ ಹೆಸರನ್ನು ಮೂರು ಸಲ ಹೇಳಿದಳು. ಕಿವಿಯಲ್ಲಿ ಹೆಸರು ಹೇಳುವವಳ ಬೆನ್ನಿಗೆ ಉಳಿದವರು ಗುದ್ದುವುದು ನಮ್ಮಲ್ಲಿಯ ಪದ್ಧತಿ. ಎಲ್ಲರೂ ಗುದ್ದಿದೆವು. ಅತ್ತೆಯವರೂ ಗುದ್ದಿದರು, ಬೇಕಾದದ್ದಕ್ಕಿಂತ ತುಸು ಜೋರಾಗಿಯೇ, ಕಣ್ಣು ಒರೆಸಿಕೊಳ್ಳುತ್ತ.